ಲಗೇಜ್ ಹೇರಿದ ಸೈಕಲ್ಲಿಗೆ ಗಾಳಿ ಎಷ್ಟು ಹೊಡೆಯಬೇಕು? ಶಿರಸಿಯಿಂದ ಕಾರವಾರ, ಅಣಶಿ ಸುತ್ತು ಹೊರಟಿದ್ದೇನೆ

ಘಟ್ಟದ ಮೇಲಿನವ

ಡಿಸೆಂಬರ್ ಕೊನೆಗೆ ಆರು ದಿನ ರಜೆ ಸಿಕ್ಕಿದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಗೋಕರ್ಣ, ಅಂಕೋಲಾ, ಕಾರವಾರ. ಅಲ್ಲಿಂದ ಕದ್ರಾ ಮೇಲೆ ಅಣಶಿ ಘಟ್ಟ ಹತ್ತಿ ಜೋಯಿಡಾ, ದಾಂಡೇಲಿ, ಯಲ್ಲಾಪುರ, ಮತ್ತೆ ಮನೆ. ಟೆಂಟು, ಸ್ಟೌ, ಬಟ್ಟೆ, ಅಮ್ಮ ಕಟ್ಟಿಕೊಡುವ ಅವಲಕ್ಕಿ ಎಲ್ಲ ಸೈಕಲ್ ಮೇಲೆಯೇ.

ಸೈಕಲ್ ಸ್ಟೀಲ್ ಫ್ರೇಮಿನದು. ಟೈರು 700×40, ಅಂದರೆ ಅಗಲ 40 ಎಂಎಂ, ಒಳಗೆ ಟ್ಯೂಬ್ ಇದೆ, ಬ್ರೇಕು ರಿಮ್ ಹಿಡಿಯುವ ವಿ ಬ್ರೇಕು. ಟೈರಿನ ಪಕ್ಕದಲ್ಲಿ 45ರಿಂದ 85 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದು ಅಚ್ಚಾಗಿದೆ. ತೊಂದರೆ ಶುರುವಾಗಿದ್ದೇ ಅಲ್ಲಿ. 45ಕ್ಕೂ 85ಕ್ಕೂ ನಡುವೆ ಒಂದು ಆನೆ ನುಗ್ಗುವಷ್ಟು ಜಾಗ ಇದೆ, ಅಲ್ವಾ?

ಹೋದ ಭಾನುವಾರ ಬ್ಯಾಗೆಲ್ಲ ಕಟ್ಟಿಕೊಂಡು ಬನವಾಸಿಗೆ ಹೋಗಿ ಬಂದೆ, ಸುಮ್ನೆ ಪರೀಕ್ಷೆಗೆ. ಹೋಗುವಾಗ ಎರಡೂ ಚಕ್ರಕ್ಕೆ 80. ಅಂಗೈ ಜೋಮು ಹಿಡಿಯಿತು, ಬಾಟಲಿ ಎರಡು ಸಲ ಹಾರಿ ಬಿತ್ತು, ಜಲ್ಲಿ ಚೆಲ್ಲಿದ ಒಂದು ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಜೀವ ಬಾಯಿಗೆ ಬಂತು. ಬರುವಾಗ ಸಿಟ್ಟಿನಲ್ಲಿ ಎರಡರಿಂದಲೂ ಒಂದಷ್ಟು ಗಾಳಿ ಬಿಟ್ಟೆ. ಎಷ್ಟು ಎಂದು ಕೇಳಬೇಡಿ. ಆಹಾ, ಸೋಫಾ ಮೇಲೆ ಕೂತ ಹಾಗೆ! ನಾಲ್ಕು ಕಿಲೋಮೀಟರ್ ಕಳೆದ ಮೇಲೆ ಒಂದು ಹೊಂಡ. ಹಿಂದಿನ ಚಕ್ರ ಟಕ್ ಎಂದಿತು, ಬಿಚ್ಚಿ ನೋಡಿದರೆ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು.

ಸೈಕಲ್ ಅಂಗಡಿಯವರು "ಕಲ್ಲಿನ ಹಾಗಿರಬೇಕು ಮಾರಾಯ" ಎನ್ನುತ್ತಾರೆ. ಜೊತೆಗೆ ಕೆಲಸ ಮಾಡುವವ 60 ಎನ್ನುತ್ತಾನೆ. ಯಾಕೆ 60 ಎಂದರೆ ಅವನಿಗೂ ಗೊತ್ತಿಲ್ಲ. ನಿಮ್ಮ ಲೆಕ್ಕ ಏನು?

ಹಳೇ ಹರ್ಕ್ಯುಲಸ್

ಅಂಗಡಿಯವರು ಹೇಳಿದ್ದೇ ಸರಿ. ನಾನು ಹೊನ್ನಾವರ ಕಡೆಯವ. 28 ಇಂಚಿನ ಕರಿ ಸೈಕಲ್ಲಿಗೆ ಎರಡು ಬದಿ ಹಾಲಿನ ಕ್ಯಾನು ಕಟ್ಟಿ ಮೂವತ್ತು ವರ್ಷ ತುಳಿದಿದ್ದೇನೆ. ಗೇಜು ಗೀಜು ಕಂಡವನಲ್ಲ. ಹೆಬ್ಬೆರಳಿನಲ್ಲಿ ಒತ್ತಬೇಕು. ಒತ್ತಿದರೆ ತಗ್ಗಬಾರದು. ಮುಗಿಯಿತು. ನೀವೆಲ್ಲ ಗಾಳಿಗೂ ಪುಸ್ತಕ ಓದುವವರು.

ಅಡಿಕೆ ಕಾಟಾ

ಹರ್ಕ್ಯುಲಸ್ ಅಜ್ಜಾ, ಹೆಬ್ಬೆರಳಿಗೆ ಗೊತ್ತಾಗುವುದು ಗಾಳಿ ಅಲ್ಲ, ರಬ್ಬರು. ಈಗಿನ ಟೂರಿಂಗ್ ಟೈರುಗಳಲ್ಲಿ ಮುಳ್ಳು ತಾಗಬಾರದು ಎಂದು ಒಳಗೆ ದಪ್ಪ ಪಟ್ಟಿ ಇಟ್ಟಿರುತ್ತಾರೆ. ಅದು 40 ಪಿಎಸ್‌ಐಗೇ ಕಲ್ಲಿನ ಹಾಗೆ ಅನಿಸುತ್ತದೆ. ತೆಳು ಟೈರು 60ಕ್ಕೂ ಮೆತ್ತಗೆ ಅನಿಸಬಹುದು. ನಿಮ್ಮದು ಮೂವತ್ತು ವರ್ಷ ಒಂದೇ ನಮೂನೆ ಟೈರು, ಒಂದೇ ಕ್ಯಾನು, ಹಾಗಾಗಿ ಬೆರಳಿಗೆ ಅಭ್ಯಾಸ ಆಗಿದೆ.

ಘಟ್ಟದ ಮೇಲಿನವರೇ, ಗಾಳಿ ಎಷ್ಟು ಎಂದು ಕೇಳುವ ಮೊದಲು ತೂಕ ಎಷ್ಟು ಎಂದು ಕೇಳಿ. ಅದೂ ಒಟ್ಟು ತೂಕ ಅಲ್ಲ, ಒಂದೊಂದು ಚಕ್ರದ ಮೇಲೆ ಎಷ್ಟು ಎಂದು. ಶಿರಸಿಯಲ್ಲಿದ್ದುಕೊಂಡು ಕಾಟಾ ಇಲ್ಲ ಎನ್ನಬೇಡಿ, ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಅಡಿಕೆ ತೂಗುವುದು ಇದ್ದೇ ಇರುತ್ತದೆ. ಬ್ಯಾಗು, ನೀರು ಎಲ್ಲ ಹೊರಡುವ ದಿನ ಹೇಗೆ ಇರುತ್ತದೋ ಹಾಗೆ ಕಟ್ಟಿ. ಹಿಂದಿನ ಚಕ್ರ ಕಾಟಾದ ಮೇಲೆ ಇಡಿ. ಮುಂದಿನ ಚಕ್ರದ ಅಡಿಗೆ ಅಷ್ಟೇ ಎತ್ತರದ ಹಲಗೆ ಇಡಿ, ಇಲ್ಲದಿದ್ದರೆ ಸೈಕಲ್ ವಾಲಿ ತೂಕ ತಪ್ಪುತ್ತದೆ. ಸೀಟಿನ ಮೇಲೆ ಕೂತು ಕೈ ಹ್ಯಾಂಡಲ್ ಮೇಲೆ, ತುಳಿಯುವಾಗ ಹೇಗೆ ಬಗ್ಗುತ್ತೀರೋ ಹಾಗೆ. ಒಂದು ಮೊಣಕೈ ಮಾತ್ರ ಗೋಡೆಗೆ ಮೆಲ್ಲಗೆ ತಾಗಿಸಿ. ಬೇರೆಯವರು ಓದಲಿ. ಆಮೇಲೆ ಮುಂದಿನ ಚಕ್ರಕ್ಕೂ ಹಾಗೇ. ನಾನು ಮೊದಲ ಸಲ ತೂಗಿದಾಗ ಅಪ್ಪ "ಕ್ವಿಂಟಾಲಿಗೆ ಎಷ್ಟು ರೇಟು?" ಎಂದು ಕೇಳಿದ್ದರು.

ಘಟ್ಟದ ಮೇಲಿನವ

ತೂಗಿದೆ! ಹಿಂದೆ 66 ಕಿಲೋ, ಮುಂದೆ 44. ಒಟ್ಟು 110. ನಾನು 72, ಉಳಿದದ್ದು ಸೈಕಲ್ ಮತ್ತು ಸಾಮಾನು. ಎರಡೂ ಚಕ್ರಕ್ಕೆ ಒಂದೇ ಗಾಳಿ ಯಾಕೆ ಹೊಡೆಯುತ್ತಿದ್ದೆ ಎಂದು ಈಗ ನನಗೇ ನಾಚಿಕೆ.

ಕಾಳಿ ದಂಡೆ

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ ಫ್ರಾಂಕ್ ಬರ್ಟೊ ಎಂಬ ಸೈಕಲ್ ಲೇಖಕರು ಇದ್ದರು. ಅವರು ಬೇರೆ ಬೇರೆ ಅಗಲದ ಟೈರಿಗೆ ಬೇರೆ ಬೇರೆ ತೂಕ ಹೇರಿ, ಎಷ್ಟು ಗಾಳಿಗೆ ಟೈರು ಎಷ್ಟು ತಗ್ಗುತ್ತದೆ ಎಂದು ಅಳೆದು ಒಂದು ಪಟ್ಟಿ ಮಾಡಿದರು. ಅದರ ತಿರುಳು ಇಷ್ಟು: ತೂಕ ಬಿದ್ದಾಗ ಟೈರು ತನ್ನ ಎತ್ತರದ ಸುಮಾರು 15 ಶೇಕಡಾ ತಗ್ಗುವಷ್ಟು ಗಾಳಿ ಇರಲಿ. ಅದಕ್ಕಿಂತ ಕಡಿಮೆ ತಗ್ಗಿದರೆ ಚಕ್ರ ಪ್ರತಿ ಕಲ್ಲಿಗೂ ಕುಪ್ಪಳಿಸುತ್ತದೆ. ತುಂಬಾ ತಗ್ಗಿದರೆ ಹೊಂಡದಲ್ಲಿ ರಿಮ್ಮಿನ ಎರಡು ಅಂಚು ಟ್ಯೂಬನ್ನು ನೆಲಕ್ಕೆ ಒತ್ತಿ ಕಚ್ಚುತ್ತವೆ. ನಿಮ್ಮ ಎರಡು ತೂತಿನ ಕಥೆ ಅದೇ. ಹಾವು ಕಚ್ಚಿದ ಗುರುತಿನ ಹಾಗೆ ಜೋಡಿ ತೂತು ಬಿದ್ದರೆ ಮುಳ್ಳು ಹುಡುಕುತ್ತಾ ಕೂರಬೇಡಿ, ಗಾಳಿ ಕಡಿಮೆ ಇತ್ತು ಎಂದೇ ಅರ್ಥ.

40 ಎಂಎಂ ಟೈರಿಗೆ ಆ ಪಟ್ಟಿಯ ಪ್ರಕಾರ 66 ಕಿಲೋಗೆ ಸುಮಾರು 58 ಪಿಎಸ್‌ಐ ಬರುತ್ತದೆ. 44 ಕಿಲೋಗೆ ಸುಮಾರು 37. ನೋಡಿ, ಹಿಂದಕ್ಕೂ ಮುಂದಕ್ಕೂ ಇಪ್ಪತ್ತರ ಅಂತರ! ಅದೇ ತೂಕಕ್ಕೆ 50 ಎಂಎಂ ಟೈರು ಇದ್ದಿದ್ದರೆ ಹಿಂದೆ 40ರ ಒಳಗೇ ಸಾಕಿತ್ತು. ಟೈರು ಅಗಲ ಆದ ಹಾಗೆ ಗಾಳಿ ಇಳಿಯುತ್ತದೆ, ಯಾಕೆಂದರೆ ಅಷ್ಟೇ ಒತ್ತಡಕ್ಕೆ ಅಗಲದ ಟೈರಿನ ಬಟ್ಟೆ ಜಾಸ್ತಿ ಬಿಗಿಯಾಗುತ್ತದೆ.

ಟೈರಿನ ಮೇಲಿನ 85 ಇದೆಯಲ್ಲ, ಅದು "ಇದಕ್ಕಿಂತ ಮೇಲೆ ಹೋಗಬೇಡಿ" ಎನ್ನುವ ಸಂಖ್ಯೆ. "ಇಷ್ಟು ಹೊಡೆಯಿರಿ" ಎಂದಲ್ಲ. ಲಾರಿಯ ಹಿಂದೆ ಬರೆದ ಗರಿಷ್ಠ ವೇಗ ನೋಡಿ ಯಾರೂ ಬಸ್‌ಸ್ಟ್ಯಾಂಡಿನೊಳಗೆ ಅಷ್ಟು ವೇಗದಲ್ಲಿ ಬರುವುದಿಲ್ಲ.

ಹಳೇ ಹರ್ಕ್ಯುಲಸ್

ಕಾಳಿ ದಂಡೆಯವರೇ, ಮುಂದೆ 37 ಎನ್ನುತ್ತೀರಿ. ಟೈರಿನ ಮೇಲೆ 45ಕ್ಕಿಂತ ಕೆಳಗೆ ಬೇಡ ಎಂದು ಬರೆದಿದೆ. ಮೇಲಿನ ಸಂಖ್ಯೆಗೆ ಮರ್ಯಾದೆ, ಕೆಳಗಿನದಕ್ಕೆ ಇಲ್ಲವೋ?

ಕಾಳಿ ದಂಡೆ

ಒಪ್ಪಿದೆ, ಈ ಸಲ ನೀವು ಸರಿಯಾಗಿ ಹಿಡಿದಿರಿ. ದಪ್ಪ ಗೋಡೆಯ ಟೈರನ್ನು ತುಂಬಾ ಮೆತ್ತಗೆ ಓಡಿಸಿದರೆ ಪಕ್ಕದ ರಬ್ಬರು ಮತ್ತೆ ಮತ್ತೆ ಮಡಚಿ ಬಿರುಕು ಬಿಡುತ್ತದೆ. ಕೆಳಗಿನ ಮಿತಿ ಅದಕ್ಕೇ. ಇನ್ನೊಂದು ಕಾರಣವೂ ಇದೆ. ಕಾಟಾದ ಮೇಲೆ ಸೈಕಲ್ ನಿಂತಿರುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಹಿಡಿದರೆ ತೂಕ ಮುಂದಕ್ಕೆ ಬರುತ್ತದೆ, ಆಗ ಮುಂದಿನ ಚಕ್ರದ ಮೇಲೆ 44 ಅಲ್ಲ, ಬಹಳ ಜಾಸ್ತಿ. ಹಾಗಾಗಿ ಮುಂದೆ 45 ಇಡಿ. ಹಿಂದೆ 58.

ಆಗುವುದಾದರೆ ಅಡುಗೆ ಸಾಮಾನು ಹಿಂದಿನ ಬ್ಯಾಗಿನಿಂದ ತೆಗೆದು ಮುಂದಿನ ಬ್ಯಾಗಿಗೆ ಹಾಕಿ, ಆದಷ್ಟು ಕೆಳಗೆ. ನಾಲ್ಕು ಕಿಲೋ ಸರಿದರೆ ಹಿಂದಿನ ಚಕ್ರಕ್ಕೆ ಉಸಿರು ಬರುತ್ತದೆ. ನೆನಪಿಡಲು ಒಂದು ಸುಲಭದ ಅಂದಾಜು: 40 ಎಂಎಂ ಟೈರಿಗೆ ಆ ಚಕ್ರದ ಮೇಲೆ ಒಂದು ಕಿಲೋ ಏರಿದರೆ ಸುಮಾರು ಒಂದು ಪಿಎಸ್‌ಐ ಏರಿಸಿ. ಬೇರೆ ಅಗಲಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಅಂಕೋಲಾ ಬಂಗುಡೆ

ಲೆಕ್ಕ ಚೆನ್ನಾಗಿದೆ, ರಸ್ತೆ ಬಗ್ಗೆ ನಾನು ಹೇಳುತ್ತೇನೆ. ಹೆದ್ದಾರಿ 66ರ ಅಂಚು ನುಣ್ಣಗಿದೆ, ಗಾಳಿ ಎಷ್ಟಿದ್ದರೂ ನಡೆಯುತ್ತದೆ. ಆದರೆ ಒಡೆದ ಲಾರಿ ಟೈರಿನ ಚೂರು ಬಿದ್ದಿರುತ್ತದಲ್ಲ, ಅದರಲ್ಲಿ ಕೂದಲಿನಷ್ಟು ತೆಳು ತಂತಿ ಇರುತ್ತದೆ. ಅದು 40ಕ್ಕೂ ಚುಚ್ಚುತ್ತದೆ, 80ಕ್ಕೂ ಚುಚ್ಚುತ್ತದೆ. ಗಾಳಿಯಿಂದ ಅದಕ್ಕೆ ಮದ್ದಿಲ್ಲ. ಸಂಜೆ ನಿಂತಲ್ಲಿ ಟೈರಿನ ಮೇಲೆ ಕೈ ಆಡಿಸಿ ನೋಡಿ, ಚಿಮಟ ಒಂದು ಇಟ್ಟುಕೊಳ್ಳಿ.

ಕುಮಟಾದಿಂದ ಹೆದ್ದಾರಿ ಬಿಟ್ಟು ಅಘನಾಶಿನಿ ಊರಿಗೆ ಹೋಗಿ ದೋಣಿ ದಾಟಿದರೆ ತದಡಿ, ಅಲ್ಲಿಂದ ಗೋಕರ್ಣ. ಲಾರಿ ಕಾಟ ಇಲ್ಲ, ನನಗೆ ಈ ದಾರಿಯೇ ಇಷ್ಟ. ಗೋಕರ್ಣದಲ್ಲಿ ಬೀಚಿನ ಹತ್ತಿರ ಟೆಂಟು ಹಾಕುವ ಆಸೆ ಇದ್ದರೆ ಮರಳಿನಲ್ಲಿ ತುಳಿಯಲು ಹೋಗಬೇಡಿ. 40 ಎಂಎಂ ಟೈರು ಲೋಡಿನ ಜೊತೆ ಮರಳಿಗೆ ಇಳಿದರೆ ಗಾಳಿ ಎಷ್ಟು ಬಿಟ್ಟರೂ ಹುಗಿಯುವುದೇ. ಇಳಿದು ತಳ್ಳಿ. ಚಿರೆಕಲ್ಲಿನ ಕೆಂಪು ಕಚ್ಚಾ ರಸ್ತೆಗೆ ಮಾತ್ರ ಐದು ಪಿಎಸ್‌ಐ ಇಳಿಸಿದರೆ ಕೈಗೆ ಸುಖ, ನಿಧಾನ ಹೋಗಬೇಕು ಅಷ್ಟೇ.

ಕಾರವಾರದಿಂದ ಸದಾಶಿವಗಡಕ್ಕೂ ಹೋಗಿ ಬರುವುದಾದರೆ ಕಾಳಿಯ ಹಳೇ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದದ್ದು ಗೊತ್ತಲ್ಲ. ಹೊಸದರ ಮೇಲೆ ಅಂಚು ಹಿಡಿದು ಹೋಗಿ.

ಘಟ್ಟದ ಮೇಲಿನವ

ಇನ್ನೊಂದು ಹೆದರಿಕೆ ಇದೆ. ದೇವಿಮನೆ ಇಳಿಯುವಾಗ ಬ್ರೇಕ್ ಬಿಸಿಗೆ ಟೈರು ಒಡೆಯುತ್ತದೆ ಎನ್ನುತ್ತಾರಲ್ಲ, ಅದು ನಿಜವೋ ಸುಳ್ಳೋ? ಮತ್ತೆ ಶಿರಸಿಯಲ್ಲಿ ಹೊಡೆದ ಗಾಳಿ ಸಮುದ್ರಮಟ್ಟಕ್ಕೆ ಇಳಿದಾಗ ಬದಲಾಗುತ್ತದೆಯೋ?

ಕಾಳಿ ದಂಡೆ

ಎತ್ತರದ ಚಿಂತೆ ಬಿಡಿ. ಶಿರಸಿ ಹೆಚ್ಚುಕಮ್ಮಿ 590 ಮೀಟರ್ ಎತ್ತರದಲ್ಲಿದೆ. ಕೆಳಗೆ ಬಂದರೆ ಗೇಜಿನಲ್ಲಿ ಒಂದು ಪಿಎಸ್‌ಐ ಕಡಿಮೆ ಕಾಣಬಹುದು. ಕರಾವಳಿಯ ಸೆಕೆ ಅದನ್ನು ವಾಪಸ್ ಕೊಡುತ್ತದೆ, ಬಿಸಿ 10 ಡಿಗ್ರಿ ಏರಿದರೆ 58ರ ಟೈರಿನಲ್ಲಿ ಎರಡೂವರೆ ಪಿಎಸ್‌ಐಯಷ್ಟು ಏರುತ್ತದೆ.

ಬ್ರೇಕ್ ಬಿಸಿ ಮಾತ್ರ ನಿಜ. ರಿಮ್ ಹಿಡಿಯುವ ಬ್ರೇಕಿನಲ್ಲಿ 110 ಕಿಲೋ ಇಳಿಜಾರಿನ ಶಕ್ತಿ ಎಲ್ಲ ರಿಮ್ಮಿನಲ್ಲೇ ಬಿಸಿಯಾಗಿ ಸೇರುತ್ತದೆ. ಒಳಗಿನ ಗಾಳಿ 60 ಡಿಗ್ರಿ ಏರಿತು ಎಂದಿಟ್ಟುಕೊಳ್ಳಿ. 58 ಇದ್ದದ್ದು 72ರ ಹತ್ತಿರ ಬರುತ್ತದೆ, ಟೈರಿನ ಮಿತಿಯ ಒಳಗೇ. ಮೇಲೆ ಹೊರಡುವಾಗಲೇ 85 ಹೊಡೆದಿದ್ದರೆ? 105 ಆಗುತ್ತದೆ. ಟೈರು ರಿಮ್ಮಿನಿಂದ ಕಿತ್ತು ಬರುವುದು ಆಗಲೇ. ಕಲ್ಲಿನ ಹಾಗೆ ಗಾಳಿ ಹೊಡೆದು ಘಟ್ಟ ಇಳಿಯಬೇಡಿ ಎನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಉದ್ದಕ್ಕೂ ಬ್ರೇಕ್ ಮುಟ್ಟಿಕೊಂಡೇ ಇಳಿಯಬೇಡಿ. ತಿರುವಿನ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ನಡುವೆ ನಿಂತು ಫೋಟೋ ತೆಗೆಯಿರಿ, ರಿಮ್ ತಣಿಯಲಿ. ಬೆರಳಿಟ್ಟು ಬಿಸಿ ನೋಡಲು ಹೋಗಬೇಡಿ, ನಾನು ಒಮ್ಮೆ ಆರಬೈಲು ಘಟ್ಟದಲ್ಲಿ ನೋಡಿ ಎರಡು ದಿನ ಊಟಕ್ಕೆ ಚಮಚ ಹಿಡಿದಿದ್ದೆ.

ರಿಮ್ ಹಳೆಯದಾದರೆ ಬ್ರೇಕ್ ತಾಗುವ ಗೋಡೆ ನೋಡಿ. ನಮ್ಮ ಮಳೆಗಾಲದ ಕೆಂಪು ಮಣ್ಣು ಬ್ರೇಕ್ ಪ್ಯಾಡಿಗೆ ಮೆತ್ತಿಕೊಂಡರೆ ಉಪ್ಪುಕಾಗದದ ಹಾಗೆ ರಿಮ್ ತಿನ್ನುತ್ತದೆ. ಗೋಡೆ ಒಳಕ್ಕೆ ಬಾಗಿದ್ದರೆ, ಅಥವಾ ಸವೆತ ತೋರಿಸುವ ಗೀರು ಮಾಯವಾಗಿದ್ದರೆ, ಗಾಳಿಯ ಮಾತು ಆಮೇಲೆ, ಮೊದಲು ರಿಮ್ ಬದಲಿಸಿ. ಒಳಗಿನ ಗಾಳಿ ಆ ಗೋಡೆಯನ್ನು ಹೊರಕ್ಕೆ ದೂಡುತ್ತಲೇ ಇರುತ್ತದೆ.

ಟ್ಯೂಬ್ ಬಿಟ್ಟವ

ಟ್ಯೂಬ್‌ಲೆಸ್ ಹಾಕಿಸಿ, ಹಾವು ಕಚ್ಚುವ ಕಥೆಯೇ ಇಲ್ಲ. ಸಣ್ಣ ತಂತಿಯ ತೂತನ್ನು ಟೈರಿನೊಳಗೆ ಹಾಕುವ ಹಾಲಿನಂಥ ಸೀಲಂಟ್ ದ್ರವ ತಾನೇ ಮುಚ್ಚುತ್ತದೆ. ಒಂದೇ ಎಚ್ಚರಿಕೆ, ಈಗ ಕೊಕ್ಕೆ ಅಂಚು ಇಲ್ಲದ ಹುಕ್‌ಲೆಸ್ ರಿಮ್ಮುಗಳು ಬರುತ್ತಿವೆ. ಅವುಗಳಿಗೆ 5 ಬಾರ್, ಅಂದರೆ 72.5 ಪಿಎಸ್‌ಐ, ದಾಟುವ ಹಾಗಿಲ್ಲ. ಕೆಲವಕ್ಕೆ ಇನ್ನೂ ಕಡಿಮೆ.

ಅಡಿಕೆ ಕಾಟಾ

ಟ್ಯೂಬ್‌ಲೆಸ್ ಒಳ್ಳೆಯದೇ. ಆದರೆ ಇನ್ನು ಎರಡು ವಾರಕ್ಕೆ ಹೊರಡುವವರಿಗೆ ಹೊಸ ರಿಮ್ ಹೇಳುವುದು ಮದುವೆ ಹಿಂದಿನ ದಿನ ಜಾತಕ ತಿರುಗಿಸಿದ ಹಾಗೆ.

ಗೇಜಿನ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ನಿಂತು ಹೊಡೆಯುವ ಪಂಪು 60 ತೋರಿಸಿದರೆ ಕೈ ಗೇಜು 52 ಎನ್ನುತ್ತದೆ. ಯಾವುದು ಸತ್ಯ? ಮೂರನೆಯದು ತಂದರೆ ಅದು 55 ಎಂದಿತು. ಈಗ ಕೈ ಗೇಜನ್ನೇ ನಂಬುತ್ತೇನೆ, ಪ್ರಯಾಣಕ್ಕೂ ಅದನ್ನೇ ಒಯ್ಯುತ್ತೇನೆ. ಸರಿಯೋ ತಪ್ಪೋ, ಪ್ರತಿ ಸಲ ಒಂದೇ ನಮೂನೆ ತಪ್ಪಿದರೆ ತೊಂದರೆ ಇಲ್ಲ. ಪೆಟ್ರೋಲ್ ಬಂಕಿನ ಗಾಳಿ ಬೇಡ. ಸೈಕಲ್ ಟ್ಯೂಬಿನಲ್ಲಿ ಜಾಗ ಕಡಿಮೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಿತಿ ದಾಟುತ್ತದೆ. ಒಮ್ಮೆ ಹಾಗೇ ಒಬ್ಬ ಹುಡುಗ ಹೊಡೆಯುತ್ತಾ ಫೋನಿನಲ್ಲಿ ಮಾತಾಡುತ್ತಿದ್ದ. ಢಂ! ಪಕ್ಕದಲ್ಲಿದ್ದ ಎಮ್ಮೆ ಹಗ್ಗ ಹರಿದುಕೊಂಡು ಓಡಿತ್ತು.

ಗೇಜು ಕೈಕೊಟ್ಟರೆ ಇನ್ನೊಂದು ಉಪಾಯ. 40 ಎಂಎಂ ಟೈರಿಗೆ 15 ಶೇಕಡಾ ಎಂದರೆ 6 ಎಂಎಂ. ಚಕ್ರವನ್ನು ನೆಲಕ್ಕೆ ತಾಗಿಯೂ ತಾಗದ ಹಾಗೆ ಎತ್ತಿ ಹಿಡಿದು, ನೆಲದಿಂದ ರಿಮ್ಮಿನ ಅಂಚಿಗೆ ಎಷ್ಟು ಎಂದು ಸ್ಕೇಲಿನಲ್ಲಿ ಅಳೆಯಿರಿ. ಆಮೇಲೆ ಲೋಡಿನ ಜೊತೆ ಕೂತು ಮತ್ತೆ ಅಳೆಸಿ. 6 ಎಂಎಂ ಇಳಿದಿದ್ದರೆ ಗಾಳಿ ಸರಿ. ಪಿಎಸ್‌ಐ ಎಷ್ಟು ಎಂದು ತಿಳಿಯಬೇಕಾಗಿಯೇ ಇಲ್ಲ.

ಘಟ್ಟದ ಮೇಲಿನವ

ಹೋಗಿ ಬಂದೆ! ವರದಿ ತಡವಾಯಿತು, ಬಂದ ಮರುದಿನವೇ ಅಡಿಕೆ ಕೊಯ್ಲಿಗೆ ಎಳೆದುಕೊಂಡರು.

ಹಿಂದೆ 58, ಮುಂದೆ 45 ಇಟ್ಟೇ ಹೊರಟೆ. ದೇವಿಮನೆಯಲ್ಲಿ ಮೂರು ಕಡೆ ನಿಂತೆ, ರಿಮ್ ಮುಟ್ಟಲಿಲ್ಲ. ಜಲ್ಲಿ ಇದ್ದ ಕಡೆ ಮುಂದಿನ ಚಕ್ರ ನೆಲ ಹಿಡಿದುಕೊಂಡೇ ಇತ್ತು, ಬನವಾಸಿ ದಾರಿಯ ಆ ಜಾರಾಟ ಇಲ್ಲ. ಬಾಟಲಿ ಒಂದು ಸಲವೂ ಹಾರಲಿಲ್ಲ. ಅಂಗೈ ಜೋಮು ಪೂರ್ತಿ ಹೋಗಲಿಲ್ಲ, ಸಂಜೆ ಹೊತ್ತಿಗೆ ಸ್ವಲ್ಪ ಇರುತ್ತಿತ್ತು, ಅದು ಹ್ಯಾಂಡಲ್ ಎತ್ತರದ ತಪ್ಪು ಇರಬೇಕು.

ಬಂಗುಡೆಯವರ ತಂತಿ ಅಂಕೋಲಾಕ್ಕೆ ಆರು ಕಿಲೋಮೀಟರ್ ಇರುವಾಗ ಸಿಕ್ಕಿತು. ಹಿಂದಿನ ಚಕ್ರ, ಮತ್ತೆ ಯಾವುದು! ಟ್ಯೂಬ್ ಬದಲಿಸಿ ಕೈ ಪಂಪಿನಲ್ಲಿ ಮುನ್ನೂರು ಸಲ ಹೊಡೆದೆ. ತೋಳು ಬಿದ್ದೇ ಹೋಯಿತು, ಕಲ್ಲಿನ ಹಾಗೆ ಆಗಿದೆ ಎಂದುಕೊಂಡು ಗೇಜು ಇಟ್ಟರೆ 42! ಹೆಬ್ಬೆರಳಿಗೆ ಮಾತ್ರ 60ರ ಹಾಗೇ ಅನಿಸಿತ್ತು. ಇನ್ನೂ ನೂರೈವತ್ತು ಹೊಡೆಯುವಾಗ ಗೇಜಿನ ಬಾಯಿಯ ರಬ್ಬರು ಕಿತ್ತು ಚರಂಡಿಗೆ ಬಿತ್ತು, ಅಲ್ಲಿಗೆ ಗೇಜೂ ಮುಗಿಯಿತು.

ಮುಂದೆ ಕಾಟಾ ಅವರ 6 ಎಂಎಂ ಉಪಾಯವೇ ಗತಿ. ಸ್ಕೇಲು ಇಲ್ಲ. ಒಂದು ಚಹಾ ಅಂಗಡಿಯಲ್ಲಿ ಅಡಿಕೆ ದಬ್ಬೆಯ ಚೂರು ಕೇಳಿ ಪಡೆದು, ಅಂಗಡಿಯ ಹುಡುಗನ ಕಂಪಾಸ್ ಬಾಕ್ಸಿನ ಸ್ಕೇಲಿನಿಂದ ಎರಡು ಗೆರೆ ಎಳೆದೆ. ಮೇಲಿನ ಗೆರೆ ಎತ್ತಿ ಹಿಡಿದಾಗ, ಕೆಳಗಿನದು ಕೂತಾಗ. ನಾನು ಕೂತೆ, ಹುಡುಗ ಬಗ್ಗಿ ನೋಡಿ "ಇನ್ನೂ ಸ್ವಲ್ಪ ಇಳಿದದೆ, ಹೊಡಿ" ಎಂದ. ಹೊಡೆದೆ. "ಸಾಕು" ಎಂದ. ಆ ದಬ್ಬೆ ಚೂರು ಹಿಡಿದುಕೊಂಡೇ ದಾಂಡೇಲಿ ಮುಟ್ಟಿದೆ.

ಕಾರವಾರದಲ್ಲಿ ಒಂದು ಮಂಗಾಟ ಮಾಡಿದೆ. ಅಣಶಿ ಏರು ಇದೆಯಲ್ಲ, ಗಟ್ಟಿ ಟೈರು ಹಗುರ ಓಡುತ್ತದೆ ಎಂದು ಅಂಗಡಿಯೊಂದರಲ್ಲಿ ಹಿಂದಕ್ಕೆ 75 ಹೊಡೆಸಿಕೊಂಡೆ. ಕದ್ರಾದವರೆಗೆ ಬಾಣದ ಹಾಗೆ ಹೋಗುತ್ತಿದ್ದೇನೆ ಅನಿಸಿತು. ಮೀಟರ್ ನೋಡಿದರೆ ನಿನ್ನೆಯದ್ದೇ ವೇಗ! ಅದುರುವುದು ಜಾಸ್ತಿ ಆದಾಗ ವೇಗ ಅನಿಸುತ್ತದೆ, ಅಷ್ಟೇ. ಏರು ಶುರುವಾಗುವ ಮೊದಲು ಆರು ಲೀಟರ್ ನೀರು ಹಿಂದೆ ಕಟ್ಟಿದೆ. ಒಂದು ಕಿಲೋಗೆ ಒಂದು ಪಿಎಸ್‌ಐ ಲೆಕ್ಕದಲ್ಲಿ 64 ಬೇಕು, ಹಾಗಾಗಿ 75ರಿಂದ ಗೆರೆ ಬರುವವರೆಗೆ ಬಿಟ್ಟೆ. ಏರಿನಲ್ಲಿ ಸುಸ್ತಾಗಿದ್ದು ನನ್ನ ಕಾಲು. ಗಾಳಿಯ ಮೇಲೆ ಹಾಕಲು ನೆಪ ಸಿಗಲಿಲ್ಲ.

ಇಡೀ ಸುತ್ತಿನಲ್ಲಿ ಪಂಚರ್ ಒಂದೇ, ಆ ತಂತಿಯದು.

ಅಂಕೋಲಾ ಬಂಗುಡೆ

ಅಂಕೋಲಾದಲ್ಲಿ ಪಂಚರ್ ಆಗಿ ನನಗೆ ಹೇಳದೆ ಹೋದಿರಲ್ಲ. ಬಂಗುಡೆ ಸಾರು ಇತ್ತು. ನೀವು ತಿನ್ನುವುದಿಲ್ಲ ಎಂದಾದರೆ ಸೋಲಕಡಿಯಾದರೂ ಕುಡಿಯಬಹುದಿತ್ತು.

ಹಳೇ ಹರ್ಕ್ಯುಲಸ್

ನಿಮ್ಮ ದಬ್ಬೆ ಕಥೆ ಓದಿದೆ. ನನ್ನ ಸೈಕಲ್ಲಿನದು ಹಳೇ ಕಾಲದ ವಾಲ್ವು, ಒಳಗೆ ರಬ್ಬರಿನ ವಾಲ್ ಟ್ಯೂಬು. ಅದಕ್ಕೆ ಗೇಜು ಇಟ್ಟರೂ ಓದುವುದಿಲ್ಲ, ಆದ್ದರಿಂದ ನಿಮ್ಮ ಪಿಎಸ್‌ಐ ಪುರಾಣ ನನಗಲ್ಲ ಎಂದು ಸುಮ್ಮನಿದ್ದೆ. ಈ ಅಳೆಯುವುದಕ್ಕೆ ಗೇಜು ಬೇಡವಲ್ಲ. ನಿನ್ನೆ ಸಂಜೆ ಕ್ಯಾನಿನಲ್ಲಿ ಹಾಲಿನ ಬದಲು ನೀರು ತುಂಬಿಸಿ, ಹೆಬ್ಬೆರಳಿನ ಲೆಕ್ಕದಲ್ಲೇ ಗಾಳಿ ಹೊಡೆದು, ಮೊಮ್ಮಗಳ ಕೈಯಲ್ಲಿ ಸ್ಕೇಲು ಕೊಟ್ಟು ಕೂತೆ. ನನ್ನ ಟೈರು ಒಂದೂವರೆ ಇಂಚು, ಅದೂ 40 ಎಂಎಂ ಅಂತೆ. ಹಿಂದಿನದು 5 ಎಂಎಂ ಇಳಿದಿದೆ.

ಒಂದು ಎಂಎಂ ಗಟ್ಟಿ. ಮುಂದಿನದು ಎಷ್ಟು ಎಂದು ಮಾತ್ರ ಕೇಳಬೇಡಿ.

ಅಡಿಕೆ ಕಾಟಾ

ಎಷ್ಟು ಅಜ್ಜಾ?

ಹಳೇ ಹರ್ಕ್ಯುಲಸ್

ಎರಡು.